ಕಹಳೆಗೆ ಕಟ್ಟಿದ ಕೆಂಪು ದಾರ

ಬಾಗಲಕೋಟೆಯ ಫೋನೊಗ್ರಾಫ್ ಬಳಗದಲ್ಲಿ ಹನ್ನೊಂದು ಜನ ಸದಸ್ಯರಿದ್ದರು. ಬಳಗಕ್ಕೆ ಒಬ್ಬ ಅಧ್ಯಕ್ಷನಿದ್ದ, ದುಂಡನೆಯ ರಬ್ಬರ್ ಶಿಕ್ಕಾ ಇತ್ತು, ಬೆನ್ನಿಗೆ ನಿಯಮಗಳನ್ನು ಅಚ್ಚು ಹಾಕಿಸಿದ ಲೆಟರ್‌ಹೆಡ್ ಇತ್ತು, ವರ್ಷಕ್ಕೆ ನೂರು ರೂಪಾಯಿ ವರ್ಗಣಿ ಇತ್ತು. ಇಲ್ಲದಿದ್ದುದು ಒಂದೇ, ಫೋನೊಗ್ರಾಫು.

ಇದು ಆಗದವರು ಆಡಿಕೊಂಡ ಮಾತಲ್ಲ. ಅಧ್ಯಕ್ಷ ಶಂಕರಲಿಂಗ ತಾನೇ ಪ್ರತಿ ಸಭೆಯಲ್ಲೂ ಎದ್ದು ನಿಂತು ಇದನ್ನು ಹೇಳುತ್ತಿದ್ದ.

“ತಟ್ಟಿ ತಿರುಗೂದು ಗ್ರಾಮಾಫೋನ್ರಿ. ಮೇಣದ ಉರುಳಿ ತಿರುಗೂದು ಫೋನೊಗ್ರಾಫು. ಅದು ಇದರ ಅಪ್ಪ. ನಿಮ್ಮ ಒಬ್ಬರ ಮನ್ಯಾಗೂ ಅಪ್ಪ ಇಲ್ಲ, ಎಲ್ಲಾರೂ ಮಕ್ಕಳನ್ನ ಕಟಗೊಂಡು ಕುಂತೀರಿ. ಇಷ್ಟೂ ತಿಳೀದವರಿಗೆ ನಾ ಅಧ್ಯಕ್ಷ. ನನ್ನ ನಸೀಬು.”

ಸದಸ್ಯರು ತಲೆಯಾಡಿಸುತ್ತಿದ್ದರು. ಬೈಸಿಕೊಳ್ಳುವುದೂ ವರ್ಗಣಿಯಲ್ಲೇ ಸೇರಿದೆ ಅನ್ನುವ ಹಾಗೆ ಕೂತಿರುತ್ತಿದ್ದರು. ಅವರನ್ನು ನೋಡಿದರೆ ಶಂಕರಲಿಂಗನಿಗೆ ಮೈ ಉರಿಯುತ್ತಿತ್ತು. ಹಲ್ಲಿನ ಡಾಕ್ಟರ್ ಮಾಳಿಂಗರಾಯನನ್ನೇ ನೋಡಿ. ಉಕ್ಕಿನ ಸೂಜಿ ಒಂದು ತಟ್ಟೆ ಹಾಡಿಸಿದರೆ ಮುಗಿಯಿತು, ಕಿತ್ತು ಎಸೆದು ಹೊಸದು ಹಾಕಬೇಕು. ಆ ಪುಣ್ಯಾತ್ಮ ಮೂರು ವರ್ಷ ಒಂದೇ ಸೂಜಿಯಲ್ಲಿ ತಟ್ಟೆಗಳನ್ನು ಉಳುತ್ತಿದ್ದ. ಬಾದಾಮಿಯಲ್ಲಿ ಲಾಡ್ಜ್ ಇಟ್ಟ ರಾಚಯ್ಯನದು ಇನ್ನೊಂದು ತರಹ. ದಿಲ್ಲಿಯಿಂದ ಮೂವತ್ತು ಸಾವಿರಕ್ಕೆ ಫಳಫಳ ಹೊಳೆಯುವ ಹಿತ್ತಾಳೆ ಕಹಳೆಯ ಪೆಟ್ಟಿಗೆಯೊಂದನ್ನು ತರಿಸಿ, ವಾರಕ್ಕೊಮ್ಮೆ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿಸಿ, ಪ್ರವಾಸಿಗಳನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದ. ಪೆಟ್ಟಿಗೆಗೆ ವಯಸ್ಸು ಎರಡು ವರ್ಷವೂ ಆಗಿರಲಿಲ್ಲ. ಪಾಲಿಶಿನ ವಾಸನೆಯೇ ಹೋಗಿರಲಿಲ್ಲ. ಅದನ್ನು “ನಮ್ಮ ಮುತ್ಯಾಂದು” ಎಂದು ಹೇಳಲು ರಾಚಯ್ಯನಿಗೆ ನಾಚಿಕೆಯೂ ಆಗುತ್ತಿರಲಿಲ್ಲ.

ಇಂಥ ಮಾಲಿಗೆ ಶಂಕರಲಿಂಗ ಒಂದು ಶಾಸ್ತ್ರ ಮಾಡಿಟ್ಟಿದ್ದ. ಸಭೆಗೆ ಬಂದ ಯಂತ್ರವನ್ನು ಟಾರ್ಚ್ ಹಿಡಿದು ಒಳಗೆ ಹೊರಗೆ ನೋಡುತ್ತಿದ್ದ, ಕಹಳೆಯನ್ನು ಬೆರಳಿನಿಂದ ಬಾರಿಸುತ್ತಿದ್ದ, ಆಮೇಲೆ ಸುಮ್ಮನೆ ಜೇಬಿಗೆ ಕೈ ಹಾಕುತ್ತಿದ್ದ. ಕೈ ಬರಿದೇ ಹೊರಬಂದರೆ ಯಂತ್ರ ಖರೆ. ಕೆಂಪು ದಾರದೊಂದಿಗೆ ಹೊರಬಂದರೆ ಅದು ಜೋಡಣಿ ಮಾಲು, ಅಂದರೆ ಹತ್ತು ಕಡೆಯ ತುಂಡು ತಂದು ಕೂಡಿಸಿದ್ದು. ದಾರವನ್ನು ಕಹಳೆಯ ಕೊರಳಿಗೆ ಎಲ್ಲರೆದುರು ಕಟ್ಟುತ್ತಿದ್ದ. ಆ ಯಂತ್ರ ಮತ್ತೆ ಹಾಲ್‌ನಲ್ಲಿ ಹಾಡುವಂತಿಲ್ಲ, ದಾರ ಬಿಚ್ಚುವಂತಿಲ್ಲ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಖೊಟ್ಟಿ ಮಾಲು ಪೇಟೆಗೆ ಹೋಗಿ ಇನ್ನೊಬ್ಬರ ತಲೆ ಒಡೆಯಬಾರದೆಂದು ನಿಯಮ ನಾಲ್ಕು ಅಂತ ಒಂದಿತ್ತು. ದಾರ ಕಟ್ಟಿದ ಯಂತ್ರವನ್ನು ಬಳಗದ ಯಾವ ಸದಸ್ಯನಾದರೂ, ಅಧ್ಯಕ್ಷ ಹೇಳಿದ ಬೆಲೆಗೆ, ಅದೇ ಸಭೆಯಲ್ಲಿ ಕೇಳಿ ತೆಗೆದುಕೊಳ್ಳಬಹುದು. ಒಡೆಯ ಯಾರೇ ಇರಲಿ, ಇಲ್ಲವೆನ್ನಕೂಡದು.

ಕೇಳುತ್ತಿದ್ದ ಸದಸ್ಯ ಯಾವಾಗಲೂ ಒಬ್ಬನೇ. ಮಾಳಿಂಗರಾಯನ ಅಜ್ಜ ಬಿಟ್ಟುಹೋದ ಗ್ರಾಮಾಫೋನಿಗೆ ಹೀಗೇ ದಾರ ಬಿತ್ತು, ಹೀಗೇ ಎಂಟು ಸಾವಿರದ ಬೆಲೆ ಬಿತ್ತು, “ಇರ್ಲಿ, ಬಿಡಿ ಭಾಗಕ್ಕಾದ್ರೂ ಬಂದೀತು” ಎಂದು ಶಂಕರಲಿಂಗನೇ ಒಯ್ದ. ಮುಂದಿನ ತಿಂಗಳು ಅದು ಪುಣೆಯಲ್ಲಿ ತೊಂಬತ್ತು ಸಾವಿರಕ್ಕೆ ಹೋಯಿತು. ರಾಚಯ್ಯನದಕ್ಕೂ ದಾರ ಬಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ. ಅದು ನಿಜವಾಗಿಯೂ ಖೊಟ್ಟಿಯಾಗಿತ್ತಲ್ಲ.

ಶಂಕರಲಿಂಗನಿಗೆ ವಿದ್ಯೆ ಇರಲಿಲ್ಲವೆಂದು ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಹಳೇ ಬಾಗಲಕೋಟೆಯಲ್ಲಿ ಗಡಿಯಾರದ ಅಂಗಡಿ ಇಟ್ಟವನು, ಚಕ್ರ ತಿರುಗುವ ಸಪ್ಪಳ ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದ. ಆಣೆಕಟ್ಟಿನ ಹಿನ್ನೀರು ಊರೊಳಗೆ ಬಂದು ಜನ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಹೊರಟ ವರ್ಷಗಳಲ್ಲಿ ಅವನ ನಿಜವಾದ ಧಂದೆ ಕುದುರಿತು. ಟ್ರಕ್ಕಿನ ಮುಂದೆ ನಿಂತ ಮನೆಯವರಿಗೆ “ಅಯ್ಯ, ಈ ಡಬ್ಬೀನ ಅಲ್ಲೀತನಕ ಒಯ್ತೀರೇನ್ರಿ? ಒಳಗೆಲ್ಲಾ ತುಕ್ಕು ಹಿಡದೈತಿ” ಎಂದು ಮೂಗು ಮುರಿದರೆ ಸಾಕಾಗುತ್ತಿತ್ತು. ಮುರಿದ ಮೂಗಿಗೆ ಒಂದರಂತೆ ಇಪ್ಪತ್ಮೂರು ಯಂತ್ರಗಳು ಅವನ ಮನೆ ಸೇರಿದವು. ಕೊಳ್ಳುವಾಗ ಹೀಗಳೆಯಬೇಕು, ಎರಡನೆಯ ಸಲ ಮುಟ್ಟಬಾರದು, ಮೆಚ್ಚಿಗೆ ಕಣ್ಣಲ್ಲಿ ಕಾಣಬಾರದು. ಮೂವತ್ತು ವರ್ಷ ಹೀಗಳೆದೂ ಹೀಗಳೆದೂ ಅವನಿಗೆ ಅದೇ ಮುಖ ಖಾಯಂ ಆಗಿತ್ತು. ಹೆಂಡತಿ ಮಾಡಿದ ಹೋಳಿಗೆಯನ್ನೂ ಹಾಗೇ ತಿನ್ನುತ್ತಿದ್ದ.

ಅಷ್ಟಾದರೂ ಉರುಳೆಯ ಯಂತ್ರ ಒಂದೂ ಸಿಕ್ಕಿರಲಿಲ್ಲ. ಫೋನೊಗ್ರಾಫ್ ಇಲ್ಲದ ಫೋನೊಗ್ರಾಫ್ ಅಧ್ಯಕ್ಷ ಎಂಬುದು ಬೇರೆಯವರಿಗೆ ತಮಾಷೆ, ಅವನಿಗೆ ಹುಣ್ಣು. ಅರವತ್ತೆರಡು ತುಂಬಿತ್ತು. ಸಾಯುವುದರೊಳಗೆ ಒಂದನ್ನು ತನ್ನ ಮೇಜಿನ ಮೇಲಿಟ್ಟು, ಬಳಗದ ಉಳಿದ ಹತ್ತು ಮಂದಿ ದಡ್ಡರನ್ನು ಎದುರಿಗೆ ಕೂರಿಸಿ ಹಾಡಿಸಬೇಕು ಎಂಬುದೊಂದೇ ಅವನ ಆಸೆ.

ಆ ಸುದ್ದಿ ಬಂದದ್ದು ಇಳಕಲ್ಲಿನಿಂದ. ಮುರಿದ ಸ್ಪ್ರಿಂಗ್ ಒಂದನ್ನು ಹಾಕಿಸಲು ಶಂಕರಲಿಂಗ ಅಹ್ಮದಸಾಬನ ಅಂಗಡಿಗೆ ಹೋಗಿದ್ದ. ಮಗ್ಗಗಳ ಸಪ್ಪಳದ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಈ ಸುತ್ತಿನಲ್ಲಿ ಹಾಡಿನ ಪೆಟ್ಟಿಗೆ ಬಿಚ್ಚಿ ಕಟ್ಟಬಲ್ಲವನು ಎಪ್ಪತ್ತು ದಾಟಿದ ಈ ಮುದುಕ ಒಬ್ಬನೇ. ಯಾರು ಬೇಕಾದರೂ ಸೇರಬಹುದೆಂದು ನಿಯಮದಲ್ಲಿದ್ದರೂ ಶಂಕರಲಿಂಗ ಅವನನ್ನು ಬಳಗಕ್ಕೆ ಸೇರಿಸಿಕೊಂಡಿರಲಿಲ್ಲ. ಪಾನಾ, ಸ್ಕ್ರೂಡ್ರೈವರ್ ಹಿಡಿಯುವವನಿಗೆ ಸಂಗ್ರಹದ ಮರ್ಮ ಏನು ತಿಳಿದೀತು ಎಂಬುದು ಅವನ ಅಂಬೋಣ.

“ಹುನಗುಂದದಾಗ ಕೋರ್ಟಿನ ಹಿಂದ ಗುರುಲಿಂಗವ್ವ ಅಂತ ಅದಾರ್ರಿ,” ಎಂದ ಅಹ್ಮದಸಾಬ, ತಲೆ ಎತ್ತದೆ. “ಕೋರ್ಟಿನಾಗ ನಕಲು ಬರೀತಿದ್ರು, ಈಗ ರಿಟೈರ್ ಆಗ್ಯಾರ. ಅವರ ಮನ್ಯಾಗ ಉರುಳೀದು ಐತಿ ನೋಡ್ರಿ. ನಮ್ಮಪ್ಪ ಒಮ್ಮಿ ಸ್ಪ್ರಿಂಗ್ ಹಾಕಿದ್ದ, ನಾನೂ ಒಮ್ಮಿ ಹಾಕೇನಿ.”

ಶಂಕರಲಿಂಗ ಚಹಾದ ಕಪ್ಪನ್ನು ನಿಧಾನಕ್ಕೆ ಕೆಳಗಿಟ್ಟ. “ಹಾಡತೈತೇನು?”

“ಹಾಡತೈತ್ರಿ. ಮನಿ ಸೋರಾಕತ್ತೈತಂತ, ಸ್ಲ್ಯಾಬ್ ಹಾಕ್ಸಾಕ ರೊಕ್ಕ ಬೇಕಾಗೇತಿ. ಬಾದಾಮಿ ರಾಚಯ್ಯನವರು ಸೋಮವಾರ ನೋಡಾಕ ಬರತಾರಂತ.”

ರಾಚಯ್ಯ! ಹುಣಸೆಹಣ್ಣಿನಲ್ಲಿ ಕಹಳೆ ತೊಳೆಯುವ ಆ ಲಾಡ್ಜಿನವನು! ಶಂಕರಲಿಂಗ ಸ್ಪ್ರಿಂಗನ್ನು ಅಲ್ಲೇ ಬಿಟ್ಟು ಎದ್ದ. ಅಂದು ಶುಕ್ರವಾರ. ಕಾರು ನೆಟ್ಟಗೆ ಹುನಗುಂದದ ದಾರಿ ಹಿಡಿಯಿತು.

ಗುರುಲಿಂಗವ್ವನ ಮನೆಯಲ್ಲಿ ಪಡಸಾಲೆಯ ಟ್ರಂಕಿನ ಮೇಲೆ, ಹಳೆಯ ಟವಲು ಹೊದ್ದು, ಅದು ಕೂತಿತ್ತು. ಅರವತ್ತೇಳರ ಹೆಂಗಸು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಇಳಕಲ್ ಸೀರೆ. ಟವಲನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು. ಓಕ್ ಕಟ್ಟಿಗೆಯ ಪೆಟ್ಟಿಗೆ, ಬಾಗಿದ ಮುಚ್ಚಳ, ಪಕ್ಕಕ್ಕೆ ತಿರುವುವ ಹಿಡಿ, ಕಪ್ಪು ತಗಡಿನ ಕಹಳೆ. ನಂಬರಿನ ಪಟ್ಟಿಗೆ ಹೊಡೆದ ಮೊಳೆಗಳು ಹುಟ್ಟಿದಾಗಿನವೇ. ಒಂದು ಸ್ಕ್ರೂ ಕೂಡ ಬೇರೆಯದಲ್ಲ. ಶಂಕರಲಿಂಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಮುಟ್ಟುವ ಆಸೆ ಕಾಣಬಾರದೆಂದು.

“ನಮ್ಮ ಮಾವನವರ ತಂದಿ ಗುಳೇದಗುಡ್ಡದ ಕುಬಸದ ಖಣಾ ಹೊತ್ತು ಮುಂಬೈಗೆ ಮಾರಾಕ ಹೋಗತಿದ್ರಂತ,” ಎಂದಳು ಆಕೆ. “ಅಲ್ಲಿಂದ ತಂದಿದ್ದು.”

ಹತ್ತಿಯ ಒಳಪದರದ ಡಬ್ಬಿಯಿಂದ ಒಂದು ಉರುಳೆ ತೆಗೆದು ಹಾಕಿ, ಹಿಡಿ ತಿರುವಿದಳು. ಮೊದಲು ಅಕ್ಕಿ ಕೇರಿದಂಥ ಸಪ್ಪಳ. ಆಮೇಲೆ ಒಬ್ಬ ಹೆಂಗಸಿನ ಸಣ್ಣ ಧ್ವನಿ, ಎಷ್ಟೋ ದೂರದಿಂದ, ಆದರೆ ಒಂದು ಸ್ವರವೂ ಜಾರದೆ ಬಂತು. ಆ ಹೆಂಗಸು ಸತ್ತು ಎಷ್ಟು ಕಾಲವಾಗಿರಬೇಕು, ಹೆಸರೂ ಯಾರಿಗೂ ಗೊತ್ತಿಲ್ಲ. ಇಡೀ ಜೀವನದಲ್ಲಿ ಶಂಕರಲಿಂಗ ಯಾವುದನ್ನಾದರೂ ಮನಸಾರೆ ಮೆಚ್ಚಿದ್ದರೆ ಆ ಎರಡು ನಿಮಿಷ ಮಾತ್ರ.

“ಸಾಕು, ತಗೀರಿ,” ಎಂದ ಅವನು, ಮೂಗು ಮುರಿದು.

“ಯಾಕ್ರಿ?”

“ಅಕ್ಕಾರ, ನಿಮಗ ಬ್ಯಾಸರ ಆಗಬಾರದು. ಇದು ಜೋಡಣಿ ಮಾಲು. ಪೆಟಿಗಿ ಒಂದರದು, ಉರುಳಿ ಇನ್ನೊಂದರದು, ಹಾರ್ನು ಅಂತೂ ಯಾವನೋ ತಗಡಿನಾಂವ ಬಡದು ಕೊಟ್ಟಿದ್ದು. ನಿಮ್ಮ ಹಿರ್ಯಾರಿಗೆ ಮುಂಬೈದಾಗ ಯಾರೋ ಟೋಪಿ ಹಾಕ್ಯಾರ. ಗುಜರಿಗೆ ಹಾಕಿದ್ರ ಐನೂರು ಬಂದೀತು. ನಾ ಹುಚ್ಚ, ಎರಡು ಸಾವಿರ ಕೊಡ್ತೇನಿ. ಬಿಡಿ ಭಾಗಕ್ಕ.”

ಗುರುಲಿಂಗವ್ವನ ಮುಖ ಬಾಡಿತು. “ಅಲ್ರೀ, ರಾಚಯ್ಯನವರು ಫೋನಿನಾಗ ಲಕ್ಷದ ಮಾತು ಆಡಿದ್ರಲ್ಲ.”

“ರಾಚಯ್ಯ!” ಶಂಕರಲಿಂಗ ನಕ್ಕ. “ಅಂವ ಕಣ್ಣು ಮುಚ್ಚಿ ದಿಲ್ಲಿ ಡಬ್ಬೀಗೆ ಮೂವತ್ತು ಸಾವಿರ ಸುರದಾಂವ. ಬಂದು ನೋಡಿ, ನನ್ನ ಕೇಳ್ತಾನ. ಈ ಜಿಲ್ಲಾದಾಗ ಎಲ್ಲಾರೂ ನನ್ನ ಕೇಳೇ ತಗೋತಾರ. ನಾ ಜೋಡಣಿ ಅಂದ್ನೆಂದ್ರ ಮುಗೀತು, ಒಬ್ಬನೂ ಮೂಸಿ ನೋಡೂದಿಲ್ಲ.”

ಇದು ಮಾತ್ರ ಖರೆ. ಆಕೆಗೂ ಅವನ ಹೆಸರು ಗೊತ್ತಿತ್ತು. ಟವಲಿನ ಮಡಿಕೆ ಸರಿಮಾಡುತ್ತ ಅಂದಳು:

“ಹಂಗಂತ ಬರದು ಕೊಡ್ರಿ.”

“ಏನ್ ಬರೀಲಿ?”

“ಈಗ ಹೇಳಿದ್ದನ್ನ. ನಾಳಿ ನನ್ನ ಸೊಸಿ, ಅತ್ತಿ ಎರಡು ಸಾವಿರಕ್ಕ ಕೊಟ್ಟು ಕುಂತಾಳ ಅನಬಾರದು. ಮೂವತ್ನಾಕು ವರ್ಷ ಕೋರ್ಟಿನ ಕಾಗದಾನ ಬರದಾಕಿ ನಾ. ಬಾಯಿಮಾತು ನನಗ ಬಗಿಹರಿಯೂದಿಲ್ರಿ.”

ಶಂಕರಲಿಂಗನಿಗೆ ನಗೆ ಬಂತು. ಬಿಟ್ಟಿ ಸಿಗುವ ಲಕ್ಷಗಳ ಮಾಲಿಗೆ ಒಂದು ಹಾಳೆ ಕಾಗದ! ಈ ಹೆಂಗಸು ಅದನ್ನು ಟ್ರಂಕಿನ ತಳದಲ್ಲಿಡುತ್ತಾಳೆ, ಅಲ್ಲೇ ಅದಕ್ಕೆ ಗೆದ್ದಲು ಹಿಡಿಯುತ್ತದೆ. ಬ್ಯಾಗಿನಿಂದ ಬಳಗದ ಲೆಟರ್‌ಹೆಡ್ ತೆಗೆದ. ಶಿಕ್ಕಾ ಅವನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು, ಊಟದ ಡಬ್ಬಿ ಮರೆತರೂ ಅದನ್ನು ಮರೆಯುತ್ತಿರಲಿಲ್ಲ. ಯಂತ್ರದ ನಂಬರ್ ಸಹಿತ ಬರೆದ, ಇದು ಜೋಡಣಿ ಮಾಲು, ಇದರ ಬೆಲೆ ಎರಡು ಸಾವಿರ ರೂಪಾಯಿ ಮೀರದು ಎಂದು. ಉದ್ದನೆಯ ಸಹಿ ಹಾಕಿ, ಶಿಕ್ಕಾ ಒತ್ತಿದ. ಐನೂರರ ನಾಲ್ಕು ನೋಟು ಎಣಿಸಿಟ್ಟ.

ಗುರುಲಿಂಗವ್ವ ಕಾಗದವನ್ನು ಮುಂದಿನಿಂದ ಓದಿದಳು. ಆಮೇಲೆ ತಿರುವಿ, ಬೆನ್ನಿಗೆ ಅಚ್ಚಾದದ್ದನ್ನೂ ಬೆರಳಿಟ್ಟು ಓದತೊಡಗಿದಳು.

“ಅದು ಬರೇ ಬಳಗದ ನಿಯಮ ಐತ್ರಿ ಅಕ್ಕಾರ. ಅದನ್ನೂ ಓದ್ತೀರೇನು?”

“ಚಟಾ ನೋಡ್ರಿ,” ಎಂದಳು ಆಕೆ. “ಹಿಂದ ಮುಂದ ಓದಲಾರದ ಕಾಗದ ಇಡೂದಿಲ್ಲ ನಾ.”

ಕಾರಿನ ಹಿಂದಿನ ಸೀಟಿನಲ್ಲಿ ಯಂತ್ರವನ್ನು ಕೂರಿಸಿ, ಬೆಡ್‌ಶೀಟ್ ಸುತ್ತಿ, ಎರಡೂ ಕಡೆ ದಿಂಬು ಕೊಟ್ಟು, ಶಂಕರಲಿಂಗ ಬಾಗಲಕೋಟೆಗೆ ಮೂವತ್ತರ ವೇಗದಲ್ಲಿ ಬಂದ. ಹಿಂದಿನಿಂದ ಟ್ರ್ಯಾಕ್ಟರಿನವರು ಕೂಡ ಹಾರ್ನ್ ಹೊಡೆದು ಬೈದು ಮುಂದೆ ಹೋದರು. ಅವನು ಒಬ್ಬನೇ ನಗುತ್ತಿದ್ದ.

ಮುಂದಿನ ವಾರದ ಭಾನುವಾರ ಬಳಗದ ಸಭೆ, ಬಾದಾಮಿಯಲ್ಲಿ, ರಾಚಯ್ಯನ ಲಾಡ್ಜಿನ ಮೇಲಿನ ಹಾಲ್‌ನಲ್ಲಿ. ಹಾಲ್ ಬಾಡಿಗೆ ಬಿಟ್ಟಿ ಎಂಬುದೊಂದೇ ರಾಚಯ್ಯನಲ್ಲಿ ಶಂಕರಲಿಂಗ ಕಂಡ ಗುಣ. ಬಾಗಿಲ ಹೊರಗೆ ವರಾಂಡದಲ್ಲಿ ಆ ಹಿತ್ತಾಳೆ ಪೆಟ್ಟಿಗೆ ಹೋದ ವರ್ಷದ ದಾರ ಕಟ್ಟಿಸಿಕೊಂಡು ನಿಂತಿತ್ತು. ಶಂಕರಲಿಂಗ ಅದರ ಕಡೆ ಒಮ್ಮೆ ನೋಡಿ, ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಹೋದ.

ರೇಷ್ಮೆ ಶಾಲು ಹೊದಿಸಿ ತಂದ ಯಂತ್ರವನ್ನು ಮೇಜಿನ ಮೇಲಿಟ್ಟ. ಹತ್ತು ಜನ ಕುರ್ಚಿಯ ಅಂಚಿಗೆ ಬಂದು ಕೂತರು. ಶಾಲು ಎಳೆದ.

“ನೋಡ್ರಿ,” ಎಂದ. “ಅಪ್ಪ ಬಂದ. ಪುಣೆದಿಂದ ತಂದೇನಿ, ಮೂರೂವರೆ ಲಕ್ಷ. ಕೈ ಹಚ್ಚಬ್ಯಾಡ್ರಿ. ನಿಮ್ಮ ಕೈ ಎಂಥಾವು ಅಂತ ನನಗ ಗೊತ್ತೈತಿ.”

ಉರುಳೆ ಹಾಕಿ ಹಾಡಿಸಿದ. ಆ ಸತ್ತ ಹೆಂಗಸು ಮತ್ತೆ ಹಾಡಿದಳು. ಫ್ಯಾನ್ ಆರಿಸಿದ್ದರು, ಮಾಳಿಂಗರಾಯ ಬಾಯಿ ತೆರೆದು ಕೂತಿದ್ದ, ಯಾರೂ ಕೆಮ್ಮಲಿಲ್ಲ. ಶಂಕರಲಿಂಗ ಹಾಡು ಕೇಳುತ್ತಿರಲಿಲ್ಲ, ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಮೂವತ್ತು ವರ್ಷ ಅವನು ಕಾದದ್ದು ಇದಕ್ಕೇ.

ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತಾಗ ಬಾಗಿಲಲ್ಲಿ ಗುರುಲಿಂಗವ್ವ ನಿಂತಿದ್ದಳು. ಕೈಯಲ್ಲಿ ಕೋರ್ಟಿಗೆ ಒಯ್ಯುತ್ತಿದ್ದ ಹಳೆಯ ರೆಕ್ಸಿನ್ ಚೀಲ. ಹಿಂದೆ ಅಹ್ಮದಸಾಬ, ಟೋಪಿ ಸರಿಮಾಡಿಕೊಳ್ಳುತ್ತ.

“ಬರ್ರಿ ಅಕ್ಕಾರ, ಕುಂದರ್ರಿ,” ಎಂದ ರಾಚಯ್ಯ. ಅವನೇ ಕರೆಸಿದ್ದ ಎಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಸೋಮವಾರ ಹುನಗುಂದಕ್ಕೆ ಹೋಗಿ ಬರಿಗೈಲಿ ಬಂದಿದ್ದನಲ್ಲ.

ಆಕೆ ಕೂರಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು.

“ಈ ಸಹಿ ನಿಮ್ಮದು ಹೌದಿಲ್ರಿ?”

ಶಂಕರಲಿಂಗ ನೋಡಿದ. ತನ್ನ ಸಹಿಯನ್ನು ಅಷ್ಟು ಉದ್ದ ಹಾಕಬಾರದಿತ್ತು ಎಂದು ಮೊದಲ ಸಲ ಅನಿಸಿತು. “ಹೌದು.”

“ಶಿಕ್ಕಾ?”

“ನಂದ.”

“ಈ ನಂಬರ್, ಈ ಮಷೀನಿಂದು ಹೌದಲ್ರಿ?” ಎಂದು ಆಕೆ ಪೆಟ್ಟಿಗೆಯ ಪಟ್ಟಿಯ ಮೇಲೆ ಬೆರಳಿಟ್ಟಳು. ಎಲ್ಲರೂ ಎದ್ದು ಬಗ್ಗಿ ನೋಡಿದರು. ಆಮೇಲೆ ಆಕೆ ಚೀಲದಿಂದ ಇನ್ನೊಂದು ಕಾಗದ ತೆಗೆದಳು, ಹಳದಿ ಬಣ್ಣಕ್ಕೆ ತಿರುಗಿದ್ದು. “ನಿಮ್ಮ ಕಾಗದಾನ ಟ್ರಂಕಿನ್ಯಾಗ ಮನಿ ಕಾಗದದ ಕೂಡ ಇಡಾಕ ಹೋದ್ನಿ, ಅಲ್ಲಿ ಇದು ಸಿಕ್ತು. ಮಾವನವರ ತಂದಿ ಕೊಂಡ ಬಿಲ್ಲು. ಇದರಾಗೂ ಅದ ನಂಬರ್ ಐತಿ. ಪೆಟಿಗಿ, ಹಾರ್ನು, ಆರು ಉರುಳಿ, ಎಲ್ಲಾ ಒಂದ ಅಂಗಡೀದು. ಅಹ್ಮದಸಾಬರನ್ನ ಕೇಳಿದೆ. ನಮ್ಮಪ್ಪ ಒಮ್ಮಿ, ನಾ ಒಮ್ಮಿ ಬಿಚ್ಚೇವಿ, ಒಂದು ಸ್ಕ್ರೂನೂ ಬ್ಯಾರೇದಲ್ಲ ಅಂದ್ರು.”

ಅಹ್ಮದಸಾಬ ನೆಲ ನೋಡುತ್ತ ತಲೆಯಾಡಿಸಿದ.

“ನಾ ಜಗಳ ಮಾಡಾಕ ಬಂದಿಲ್ರಿ,” ಎಂದಳು ಗುರುಲಿಂಗವ್ವ. “ಒಂದ ಮಾತು. ನಿಮ್ಮ ಕಾಗದ ಸುಳ್ಳಿದ್ರ ಇವರೆಲ್ಲರ ಮುಂದ ಸುಳ್ಳು ಅನ್ರಿ, ಮಷೀನು ನನಗ ತಿರುಗಿ ಕೊಡ್ರಿ. ಖರೆ ಇದ್ರ ಖರೆ ಅನ್ರಿ, ನಾ ಸುಮ್ಮನ ಬಸ್ ಹತ್ತತೇನಿ.”

ಶಂಕರಲಿಂಗನ ತಲೆ ಗಡಿಯಾರದ ಹಾಗೆ ಓಡಿತು. ಸುಳ್ಳು ಎಂದರೆ ಯಂತ್ರ ಹೋಯಿತು. ಬರೀ ಯಂತ್ರ ಅಲ್ಲ. ಇದೊಂದು ಸುಳ್ಳಾದರೆ ಉಳಿದವು ಎಂಥವು ಎಂದು ಈ ಹತ್ತು ಮಂದಿ ಕೇಳುತ್ತಾರೆ. ಇಪ್ಪತ್ಮೂರು ಯಂತ್ರಗಳು. ಮಾಳಿಂಗರಾಯ ಆಗಲೇ ಕನ್ನಡಕ ತೆಗೆದು ಒರೆಸುತ್ತಿದ್ದಾನೆ. ಖರೆ ಎಂದರೆ ಪುಣೆಯ ಕಥೆ, ಮೂರೂವರೆ ಲಕ್ಷದ ಕಥೆ ಏನಾಗಬೇಕು?

ಆಗ ಅವನಿಗೆ ದಾರಿ ಹೊಳೆಯಿತು. ಅವನನ್ನು ಜೀವನವಿಡೀ ಕಾಯ್ದದ್ದು ಯಾವುದೋ ಅದೇ ಈಗಲೂ ಕೈ ಹಿಡಿಯಿತು. ಅವನು ಬಾಯಿ ತುಂಬ ನಕ್ಕ.

“ಶಾಬಾಸ್!” ಎಂದ. “ಹತ್ತು ಮಂದಿ ಕುಂತೀರಿ. ಎಲ್ಲಾರೂ ಮೆಂಬರು, ಎಲ್ಲಾರೂ ಶಾಣ್ಯಾರು. ಒಬ್ಬರಿಗಾದ್ರೂ ಗೊತ್ತಾತೇನು? ಪುಣೆ ಅಂದ್ನಿ, ನಂಬಿದ್ರಿ. ಮೂರೂವರೆ ಲಕ್ಷ ಅಂದ್ನಿ, ಬಾಯಿ ತಗದ್ರಿ. ಚಪ್ಪಾಳಿ ಬ್ಯಾರೆ! ನಿಮ್ಮ ಪರೀಕ್ಷಾ ಮಾಡಾಕ ತಂದಿದ್ದೋ ಮಾರಾಯ್ರಾ. ಇದು ಜೋಡಣಿ ಮಾಲು. ಅಕ್ಕಾರ ಕಾಗದ ಖರೆ ಐತಿ. ನಂಬರಿನ ಪಟ್ಟೀನ ಯಾವನಾದ್ರೂ ಕಿತ್ತು ಬ್ಯಾರೇ ಪೆಟಿಗಿಗೆ ಹಚ್ಚಬಹುದು, ಅದೂ ತಿಳಿಯೂದಿಲ್ಲ ನಿಮಗ. ಎಲ್ಲಾರೂ ಫೇಲು.”

ಎಷ್ಟು ಕಾಲದ ರೂಢಿ ನೋಡಿ! ರಾಚಯ್ಯನೊಬ್ಬನ ಹೊರತು ಎಲ್ಲರೂ ತಲೆ ತಗ್ಗಿಸಿದರು. ಬೈದವನು ಸುಳ್ಳು ಹೇಳುತ್ತಿರಬಹುದು ಎಂದು ಬೈಸಿಕೊಂಡವರಿಗೆ ಹೊಳೆಯುವುದೇ ಇಲ್ಲ. ಶಂಕರಲಿಂಗ ಜೇಬಿಗೆ ಕೈ ಹಾಕಿದ. ಕೆಂಪು ದಾರ ಹೊರಬಂತು. ಕಪ್ಪು ಕಹಳೆಯ ಕೊರಳಿಗೆ ಅದನ್ನು ಸುತ್ತುವಾಗ ಎರಡು ಸಲ ಗಂಟು ಜಾರಿತು. ಮೂರನೆಯ ಸಲ ಬಿಗಿಯಿತು. ಹೋಗಲಿ, ಎಂದುಕೊಂಡ ಅವನು. ಹಾಲ್‌ನಲ್ಲಿ ಹಾಡದಿದ್ದರೆ ಏನಾಯಿತು, ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನೊಬ್ಬನೇ ಕೇಳುತ್ತೇನೆ. ಇವರಿಗೆ ಕೇಳಿಸುವುದೂ ಕತ್ತೆಗೆ ಕೇಳಿಸುವುದೂ ಒಂದೇ.

“ಕಾಗದ ಖರೆ ಅಂದಂಗಾತು,” ಎಂದಳು ಗುರುಲಿಂಗವ್ವ.

“ಖರೆ.”

“ಬೆಲಿನೂ ಖರೆ?”

“ಎರಡು ಸಾವಿರ. ಒಂದು ಪೈಸೆ ಹೆಚ್ಚಿಲ್ಲ.”

ಆಕೆ ಬಿಲ್ಲನ್ನು ಮಡಿಚಿ ಚೀಲದೊಳಗೆ ಹಾಕಿದಳು. ಬಾಗಿಲ ಕಡೆ ಹೊರಟವಳು ನಿಂತಳು. “ಬಂದದ್ದಕ್ಕ ನಿಮ್ಮ ಬಳಗಕ್ಕ ಸೇರೂದೈತ್ರಿ. ನೂರು ರೂಪಾಯಿ ಅಲ್ಲೇನು? ಯಾರ ಬೇಕಾದ್ರೂ ಸೇರಬಹುದು ಅಂತ ಬರದೀರಿ.”

ಶಂಕರಲಿಂಗನಿಗೆ ಇನ್ನೊಮ್ಮೆ ನಗೆ ಬಂತು, ಈ ಸಲ ನಿಜವಾದದ್ದು. ಗೆದ್ದವನ ಧಾರಾಳತನ ಅವನ ಮೈ ತುಂಬಿತು. “ಸೇರ್ರಿ ಸೇರ್ರಿ. ಈ ಹತ್ತು ದಡ್ಡರ ಕೂಡ ಹನ್ನೊಂದನೇದವರು.” ರಸೀದಿ ಹರಿದ, ಹೆಸರು ಬರೆದ, ಬ್ಯಾಗಿನಿಂದ ಶಿಕ್ಕಾ ತೆಗೆದು ಧಪ್ಪೆಂದು ಒತ್ತಿದ.

ಗುರುಲಿಂಗವ್ವ ರಸೀದಿಯನ್ನು ಹಿಂದೆ ಮುಂದೆ ಓದಿದಳು. ಮಡಿಚಿ ಇಟ್ಟಳು. ಆಮೇಲೆ ಶಂಕರಲಿಂಗ ಬರೆದುಕೊಟ್ಟ ಕಾಗದವನ್ನು ತಿರುವಿ, ಬೆನ್ನಿನ ಅಚ್ಚನ್ನು ಕೋರ್ಟಿನಲ್ಲಿ ಓದುವವರ ಹಾಗೆ, ಏರಿಳಿತವಿಲ್ಲದೆ ಓದಿದಳು.

“ನಿಯಮ ನಾಲ್ಕು. ದಾರ ಕಟ್ಟಿದ ಯಂತ್ರವನ್ನು ಬಳಗದ ಯಾವ ಸದಸ್ಯರಾದರೂ, ಅಧ್ಯಕ್ಷರು ಹೇಳಿದ ಬೆಲೆಗೆ, ಅದೇ ಸಭೆಯಲ್ಲಿ ಕೇಳಿ ತೆಗೆದುಕೊಳ್ಳಬಹುದು. ಒಡೆಯರು ಯಾರೇ ಇರಲಿ, ಇಲ್ಲವೆನ್ನಕೂಡದು.” ಕನ್ನಡಕದ ಮೇಲಿಂದ ನೋಡಿದಳು. “ನಾ ಕೇಳಾಕತ್ತೇನ್ರಿ.”

ಐನೂರರ ನಾಲ್ಕು ನೋಟು ಮೇಜಿನ ಮೇಲೆ ಬಂದವು. ಅವನೇ ಕೊಟ್ಟವು. ಒಂದರ ಮೂಲೆಯಲ್ಲಿ ಅವನ ಬ್ಯಾಗಿನ ಶಿಕ್ಕಾದ ನೀಲಿ ಮಸಿ ತಾಗಿತ್ತು.

ಶಂಕರಲಿಂಗ ಮೊದಲು ಅರ್ಥವಾಗದವನಂತೆ ನಿಂತ. ಅರ್ಥವಾದಾಗ ಅವನ ಮುಖದಿಂದ ಆ ಖಾಯಂ ಮುಖ ಕಳಚಿ ಬಿತ್ತು. “ಅದು... ಆ ನಿಯಮ ಮೆಂಬರ್ ಮಂದೀಗೆ. ಅಧ್ಯಕ್ಷರ ಮಾಲಿಗೆ ಹತ್ತೂದಿಲ್ಲ.”

“ಒಡೆಯರು ಯಾರೇ ಇರಲಿ ಅಂತ ಐತಲ್ರಿ.”

“ಬರದಾಂವ ನಾ! ನನಗ ಗೊತ್ತಿಲ್ಲೇನು ಅದರ ಅರ್ಥ?”

“ನನ್ನ ಅಜ್ಜನ ಮಷೀನ್ ಒಯ್ಯುವಾಗ ಇದ ಅರ್ಥ ಹೇಳಿದ್ರಲ್ರಿ ಸಾಹೇಬ್ರ,” ಎಂದ ಮಾಳಿಂಗರಾಯ. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ಒಬ್ಬೊಬ್ಬರಾಗಿ ತಲೆಗಳು ಮೇಲೆದ್ದವು. ಶಂಕರಲಿಂಗ ಅವರನ್ನು ನೋಡಿದ. ಮೂವತ್ತು ವರ್ಷದಲ್ಲಿ ಅವನು ಯಾರಿಗೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ಈಗ ಅವನ ಪರವಾಗಿ ಆಡುವವರು ಯಾರೂ ಇರಲಿಲ್ಲ. ಇನ್ನೊಂದು ಮಾತು ಆಡಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ ಎಂಬಷ್ಟು ಬುದ್ಧಿ ಅವನಿಗಿತ್ತು. ನಾಲ್ಕು ನೋಟುಗಳನ್ನು ಎತ್ತಿ ಜೇಬಿಗಿಟ್ಟ. ಹೆಸರಾದರೂ ಉಳಿಯಿತು. ಜೋಡಣಿ ಮಾಲು ಕೊಟ್ಟ, ಅಷ್ಟೇ. ನಾಳೆಯೂ ಅವನೇ ಅಧ್ಯಕ್ಷ.

“ಒಯ್ರಿ,” ಎಂದ. “ನಮ್ಮ ಮನ್ಯಾಗೂ ಕಸ ಕಡಿಮಿ ಆತು.”

“ಒಯ್ಯೂದೆಲ್ಲಿ? ರಾಚಯ್ಯನವರ ಕೂಡ ಮಾತು ಆಗೇತಿ,” ಎಂದಳು ಆಕೆ. “ಎರಡೂವರೆ ಲಕ್ಷ. ಬಿಲ್ಲು ನೋಡಿ ಹೇಳ್ಯಾರ.”

ರಾಚಯ್ಯ ಹಿಗ್ಗಿಹೋಗಿದ್ದ. ಯಂತ್ರ ಇಡಲು ಜಾಗ ಆಗಲೇ ಗೊತ್ತು ಮಾಡಿದ್ದ, ಕೆಳಗೆ ರಿಸೆಪ್ಷನ್ನಿನಲ್ಲಿ, ನೀರಿನ ಫಿಲ್ಟರಿನ ಪಕ್ಕ. ಬಂದವರು ನೀರು ಕುಡಿಯುತ್ತ ನೋಡಬಹುದಲ್ಲ. “ಈ ತಗಡಿಗೆ ಒಂದು ಕೋಟು ಬಂಗಾರದ ಪೇಂಟ್ ಹೊಡಸಿದ್ರ ಭಾಳ ಚಂದ ಕಾಣತೈತಿ,” ಎನ್ನುತ್ತ ಬಂದ. ಬಂದವನು ಪಂಚೆ ಮೇಲೆತ್ತಿ ಕಟ್ಟಿ, ಒಂದು ಕೈ ಪೆಟ್ಟಿಗೆಯ ಅಡಿಗೆ ಹಾಕಿ, ಇನ್ನೊಂದು ಕೈಯಿಂದ ಕಹಳೆಯ ಕೊರಳು ಹಿಡಿದು, ಬಿಂದಿಗೆ ಎತ್ತುವ ಹಾಗೆ ಎತ್ತಿದ.

ಈ ಯಂತ್ರಗಳನ್ನು ಬಲ್ಲವರು ಯಾರೂ ಕಹಳೆ ಹಿಡಿದು ಎತ್ತುವುದಿಲ್ಲ. ಇಡೀ ಭಾರ ಸೌಂಡ್‌ಬಾಕ್ಸಿನ ಸಣ್ಣ ತೋಳಿನ ಮೇಲೆ ಬೀಳುತ್ತದೆ. ಒಳಗೆ ಎಲ್ಲೋ ಸಣ್ಣಗೆ ಕಿರ್ ಎಂದಿತು. ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಶಂಕರಲಿಂಗನಿಗೆ ಕೇಳಿಸಿತು.

“ಲೇ! ಹಾರ್ನು ಬಿಡಲೇ ರಾಚ್ಯಾ!” ಎಂದು ಅವನು ಕಿರುಚಿದ. ಕುರ್ಚಿ ಉರುಳಿಸಿಕೊಂಡು ಹಾರಿ ಹೋಗಿ ಪೆಟ್ಟಿಗೆಯನ್ನು ಎರಡೂ ತೋಳುಗಳಿಂದ ಅವುಚಿಕೊಂಡ. ಕಣ್ಣಲ್ಲಿ ನೀರು ಬಂದಿತ್ತು. “ಹಗೂರ ಹಿಡೀಲೇ, ಖರೇ ಮಾಲು ಐತದು! ಒಂದು ಸ್ಕ್ರೂ ಬದಲಾಗಿಲ್ಲ ಅದರಾಗ! ಇಂಥಾದ್ದು ಈ ಸುತ್ತಿನ್ಯಾಗ ಇನ್ನೊಂದಿಲ್ಲಲೇ, ಹುಚ್ಚ ನನ ಮಗನ!”

ರಾಚಯ್ಯ ಕಹಳೆಯಿಂದ ಕೈ ತೆಗೆದ. ಅಹ್ಮದಸಾಬ ಬಂದು ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದು, ಶಂಕರಲಿಂಗನ ತೋಳಿನಿಂದ ಅದನ್ನು ನಿಧಾನವಾಗಿ ಬಿಡಿಸಿ ಮೇಜಿನ ಮೇಲಿಟ್ಟ. ಕೆಂಪು ದಾರದ ತುದಿ ಪೆಟ್ಟಿಗೆಯ ಮೇಲೆ ಜೋತು ಬಿದ್ದಿತ್ತು.

ಹಲ್ಲಿನ ಡಾಕ್ಟರ್ ಮಾಳಿಂಗರಾಯ ಕನ್ನಡಕ ಹಾಕಿಕೊಂಡು ಎದ್ದು ನಿಂತ.

“ಹಂಗಾದ್ರ ನಮ್ಮ ಅಜ್ಜನ ಮಷೀನು ಎಂಥಾದ್ರಿ, ಸಾಹೇಬ್ರ?” ಎಂದು ಕೇಳಿದ.